ಬಾಯಮ್ಮನ ಬಾಗಿಲಿಗೆ ಕಟ್ಟಿದ ಸೊಪ್ಪು

೧.

ಈ ಕಥೆಯನ್ನು ಎಲ್ಲಿಂದ ತೆರೆಯಬೇಕೆಂದು ನನಗೆ ತಿಳಿಯದು. ಬಾಗಿಲಿನ ಕಥೆಯಾದ್ದರಿಂದ ಬಾಗಿಲಿನಿಂದಲೇ ತೆರೆಯೋಣವೆಂದರೆ, ಆ ಬಾಗಿಲು ತೆರೆಯದಿರುವುದೇ ಕಥೆಯ ತೊಂದರೆ.

ಮೊದಲು ಹೀಗೆ ಬರೆದಿದ್ದೆ:

"ಮಂಗಳೂರಿನ ಕುಲಶೇಖರದಲ್ಲಿ ಒಂದು ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ್ದಾಗ, ಕಳ್ಳನೊಬ್ಬನು ಮ್ಯಾಕ್ಸಿಮ್ ಪೊರ್ಬುಗಳ ಮಾಳಿಗೆಯ ಮೆಟ್ಟಿಲು ಹತ್ತಿದನು."

ಒಳ್ಳೆಯ ವಾಕ್ಯ. ಕರ್ತೃ ಉಂಟು, ಕ್ರಿಯೆ ಉಂಟು, ಹತ್ತಲು ಮೆಟ್ಟಿಲೂ ಉಂಟು. ಕಳ್ಳನೊಬ್ಬನನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ. ಆದ್ದರಿಂದ ಅವನನ್ನು ಮೆಟ್ಟಿಲಿನ ನಡುವೆಯೇ ನಿಲ್ಲಿಸಿ, ಕ್ಷಮೆ ಕೇಳಿ, ಕೆಳಗಿಳಿಸಿ ಕಳುಹಿಸಿದ್ದೇನೆ. ಪಾಪ, ಬಿಸಿಲಿನಲ್ಲಿ ಬಂದಿದ್ದ.

ಎರಡನೆಯ ಸಲ, ದೇವರನ್ನು ನೆನೆದು ಆರಂಭಿಸೋಣವೆಂದುಕೊಂಡೆ. ನಾವು ಓದಿದ ಹಳೆಯ ಪುಸ್ತಕಗಳಲ್ಲಿ ಅದೇ ಪದ್ಧತಿ. ನೆನೆದೂ ನೆನೆದೆ. ಆದರೆ ಈ ಕಥೆಯಲ್ಲಿ ಎರಡು ಕಡೆಯವರಿಗೂ ಕೆಲಸ ಇರುವುದರಿಂದ, ಯಾರನ್ನು ಮೊದಲು ನೆನೆದೆನೆಂದು ಹೇಳಲಾರೆ. ಓದುಗರು ಕೆದಕಬಾರದು.

೨.

ಕಾಲ: ನಯಾಪೈಸೆ ಬಂದು ಕೆಲವು ವರ್ಷಗಳಾಗಿದ್ದರೂ ಜನ ಇನ್ನೂ ಆಣೆಯಲ್ಲಿಯೇ ಯೋಚಿಸುತ್ತಿದ್ದ ಕಾಲ.

ಸ್ಥಳ: ಮ್ಯಾಕ್ಸಿಮ್ ಪೊರ್ಬುಗಳ ಹಂಚಿನ ಮಾಳಿಗೆಮನೆ. (ಕ್ರಿಸ್ತಾಂವ ಗಂಡಸರಿಗೆ ನಮ್ಮ ಕಡೆ ಮರ್ಯಾದೆಯಿಂದ ಪೊರ್ಬು ಎನ್ನುತ್ತಾರೆ, ಹೆಂಗಸರಿಗೆ ಬಾಯಿ.) ಕೆಳಗೆ ಅವರು. ಮೇಲೆ ಬಾಡಿಗೆಗೆ ಬಿಟ್ಟ ಎರಡು ಬಿಡಾರಗಳು. ಒಂದರಲ್ಲಿ ಮಟಿಲ್ಡಾ ಬಾಯಿ. ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರ್. ಅವರ ಗಂಡ ಎಡ್ವಿನ್ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಪಕ್ಕದ ಬಿಡಾರದಲ್ಲಿ ದೇಯಿ, ಹಂಚಿನ ಕಾರ್ಖಾನೆಯ ಬೋಜನ ಹೆಂಡತಿ. (ಬೋಜ ಈ ಕಥೆಯಲ್ಲಿ ಬರುವುದಿಲ್ಲ. ಅವನಿಗೆ ಭಾನುವಾರವೂ ಪಾಳಿ ಉಂಟು. ಬರಹೇಳಿ ಸಂಬಳ ಕಡಿತ ಮಾಡಿಸಲು ನನಗೆ ಮನಸ್ಸಿಲ್ಲ.)

ಆ ಮನೆಯ ಬೀಗಗಳ ವಿಚಾರ ಹೇಳಲೇಬೇಕು. ಮ್ಯಾಕ್ಸಿಮ್ ಪೊರ್ಬುಗಳು ಬಂದರಿನ ಅಂಗಡಿಯೊಂದರಿಂದ ಎಲ್ಲ ಬಾಗಿಲುಗಳಿಗೂ ಒಂದೇ ಪೆಟ್ಟಿಗೆಯ ಬೀಗಗಳನ್ನು ತಂದಿದ್ದರು. ಒಟ್ಟಿಗೆ ತೆಗೆದುಕೊಂಡರೆ ಅಗ್ಗ. ಆ ಬೀಗಗಳು ಒಡಹುಟ್ಟಿದವುಗಳಂತೆ ಒಂದರ ಕೀಲಿಗೆ ಇನ್ನೊಂದು ಮಣಿಯುತ್ತಿದ್ದವು. ಯಾವ ಕೀಲಿ ಯಾವ ಬೀಗಕ್ಕೆ ಹಾಕಿದರೂ ಸರಿ, ಒಮ್ಮೆ ಕೆಮ್ಮಿ ಬಾಯಿ ಬಿಡುತ್ತಿದ್ದವು.

ಇದು ಯಾರಿಗೂ ಗುಟ್ಟಲ್ಲ, ಯಾರಿಗೂ ತೊಂದರೆಯೂ ಅಲ್ಲ. ಮಟಿಲ್ಡಾ ಬಾಯಿ ಶಾಲೆಯಲ್ಲಿರುವಾಗ ಮೋಡ ಕವಿದರೆ ದೇಯಿ ತನ್ನ ಕೀಲಿಯಿಂದ ಅವರ ಬಾಗಿಲು ತೆಗೆದು, ಕಿಟಕಿ ಮುಚ್ಚಿ, ಹಾಸಿಗೆ ಸರಿಸಿ ಬರುತ್ತಿದ್ದಳು. ದೇಯಿ ಒಲೆಯ ಮೇಲೆ ಅನ್ನ ಇಟ್ಟು ಬಾವಿಕಟ್ಟೆಯಲ್ಲಿ ಮಾತಿಗೆ ನಿಂತರೆ, ಮಟಿಲ್ಡಾ ಬಾಯಿ ಹೋಗಿ ಬೆಂಕಿ ತಗ್ಗಿಸುತ್ತಿದ್ದರು. ಬೀಗ ಇದ್ದದ್ದು ಮನೆಯಲ್ಲಿ ಜನ ಇಲ್ಲವೆಂದು ತಿಳಿಸುವುದಕ್ಕೆ ಮಾತ್ರ.

ಇಂಥ ಮನೆಯಲ್ಲಿ ಭದ್ರತೆಯ ಕಥೆ ಬರೆಯಲು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕೋ ಹೇಳಿ.

೩.

"ಕಳ್ಳ ಕಳ್ಳ ಅಂತ ಬರೀಬೇಡಿ," ಎಂದರು ಮಟಿಲ್ಡಾ ಬಾಯಿ. "ನಮ್ಮ ಮನೆಗೆ ಕಳ್ಳ ಎಂತಕ್ಕೆ ಬರ್ತಾನೆ? ಬಂದ್ರೆ ಅವನೇ ಎಂತಾದ್ರೂ ಇಟ್ಟು ಹೋಗ್ಬೇಕು."

"ಹಾಗಾದರೆ ಬಾಗಿಲಿಗೆ ಇನ್ನೊಂದು ಬೀಗ ಬೇಕೆಂದು ಯಾಕೆ ಹಟ ಹಿಡಿದಿದ್ದೀರಿ?"

"ಅದು ನಿಮಗೆ ಯಾಕೆ?"

"ನಾನು ಲೇಖಕ."

"ಆಗಿರಿ. ನಾನು ಬಾಡಿಗೆ ಕೊಡುವವಳು."

(ಇವರು ನನ್ನೊಡನೆ ಮಾತಾಡುವುದು ಕನ್ನಡದಲ್ಲಿ. ತಮ್ಮವರೊಡನೆ ಕೊಂಕಣಿ, ದೇಯಿಯೊಡನೆ ತುಳು. ನಾನು ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ. ಆದ್ದರಿಂದ ಮುಂದೆ ಬರುವ ಜಗಳಗಳಲ್ಲಿ ಖಾರ ಅರ್ಧದಷ್ಟು ಕಡಿಮೆಯಾಗಿ ಕಂಡರೆ ತಪ್ಪು ನನ್ನದು, ಅವರದಲ್ಲ.)

ಅವರು ಹೇಳದಿದ್ದರೆ ನಾನು ಹೇಳುತ್ತೇನೆ. ಓದುಗರಿಂದ ಮುಚ್ಚಿಟ್ಟು ಕೊನೆಯಲ್ಲಿ ತೆಗೆದು ತೋರಿಸುವ ಜಾದೂ ನನ್ನಿಂದ ಆಗದು.

ಮಟಿಲ್ಡಾ ಬಾಯಿಯ ಮಂಚದ ಕೆಳಗೆ ಒಂದು ಕಪ್ಪು ಪೆಟ್ಟಿಗೆ ಉಂಟು. ಅದರೊಳಗೆ ಕಾರ್ನೆಟ್, ಅಂದರೆ ಮೊಳದುದ್ದಕ್ಕೂ ಸಾಲದ ಹಿತ್ತಾಳೆಯ ತುತ್ತೂರಿ. ಎಡ್ವಿನ್ ಇಗರ್ಜಿಯ (ಚರ್ಚಿನ) ಬ್ಯಾಂಡಿನಲ್ಲಿ ಪ್ರಾಯಕಾಲದಿಂದಲೂ ಅದನ್ನು ಊದುತ್ತಿದ್ದರು. ಹಬ್ಬದ ಮೆರವಣಿಗೆಗೆ ಊದಿದರು, ಮದುವೆಗಳಿಗೆ ಊದಿದರು, ಇತರರ ಶವಗಳ ಮುಂದೆ ಊದುತ್ತ ನಡೆದರು. ಕಾರ್ನೆಟ್ ಮಾತ್ರ ಅವರದಲ್ಲ. ಬ್ಯಾಂಡಿನದು. ಇಗರ್ಜಿಯ ವಾರ್ಷಿಕ ಹಬ್ಬ ಹತ್ತಿರ ಬಂದಿದೆ, ಬ್ಯಾಂಡಿಗೆ ಹೊಸ ಕಾರ್ನೆಟ್‌ಗಾರ ಸಿಕ್ಕಿದ್ದಾನೆ, ಕಾರ್ನೆಟ್ ಇಲ್ಲ. ಬ್ಯಾಂಡ್ ಮಾಸ್ತರ್ ಯೂಸ್ಟೇಸ್ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು, ಮೆಲ್ಲನೆ ಕೇಳುತ್ತಿದ್ದರು.

"ಬಾಯಿ, ಆ ಸಾಮಾನು..."

"ಹುಡುಕ್ತಾ ಇದ್ದೇನೆ, ಮಾಸ್ತರ್."

ಮಂಚದ ಕೆಳಗೆ ಇರುವುದನ್ನು ಹುಡುಕುವುದಕ್ಕೆ ಇಷ್ಟು ತಿಂಗಳು ಬೇಕಾಗುವಷ್ಟು ದೊಡ್ಡ ಮಂಚ ಮಂಗಳೂರಿನಲ್ಲಿ ಯಾರ ಮನೆಯಲ್ಲಿಯೂ ಇಲ್ಲ. ಯೂಸ್ಟೇಸ್ ಮಾಸ್ತರಿಗೂ ಅದು ಗೊತ್ತು. ಅವರು ಟೋಪಿ ಹಾಕಿಕೊಂಡು ಹೋಗುತ್ತಿದ್ದರು.

ಮಟಿಲ್ಡಾ ಬಾಯಿ ಹೆದರಿದ್ದು ಮಾಸ್ತರಿಗಲ್ಲ. ಹೆದರಿದ್ದು ಮನೆಯೊಡೆಯರಿಗೆ. ಮ್ಯಾಕ್ಸಿಮ್ ಪೊರ್ಬುಗಳು ಬ್ಯಾಂಡ್ ಸಮಿತಿಯ ಅಧ್ಯಕ್ಷರು. ಒಂದು ದಿನ ಅಂಗಳದಲ್ಲಿ ಎಲ್ಲರೆದುರು ನಗುತ್ತ ಅಂದುಬಿಟ್ಟರು: "ಅಷ್ಟು ಕೇಳೋದು ಎಂತಕ್ಕೆ ಮಾಸ್ತರ್? ಬಾಯಿ ಶಾಲೆಗೆ ಹೋದಾಗ ಒಮ್ಮೆ ಹತ್ತಿ ನೋಡಿದ್ರೆ ಆಯ್ತು. ಕೀ ಉಂಟಲ್ಲ ನನ್ನ ಹತ್ರ!"

ಎಲ್ಲರೂ ನಕ್ಕರು. ಮಟಿಲ್ಡಾ ಬಾಯಿಯೂ ನಕ್ಕರು. ಮನೆಗೆ ಬಂದು ಪೆಟ್ಟಿಗೆಯನ್ನು ಮಂಚದ ಕೆಳಗೆ ಇನ್ನೂ ಒಳಕ್ಕೆ, ಗೋಡೆಯ ಬುಡದವರೆಗೆ, ಕಾಲಿನಿಂದ ತಳ್ಳಿದರು.

೩. (ಮತ್ತೊಮ್ಮೆ)

ಅದನ್ನು ಕೊಟ್ಟುಬಿಡಬಾರದೆ, ಇನ್ನೊಬ್ಬರ ವಸ್ತು, ನೀವು ದಿನಾ ತೇರ್ಸ್ ಜಪ ಮಾಡುವವರು, ಎಂದು ನಾನು ಕೇಳಿದೆ. ದೇವರಿಗೆ ಹೆದರುವವನು ಕೇಳಬೇಕಾದ ಪ್ರಶ್ನೆ.

ಮಟಿಲ್ಡಾ ಬಾಯಿ ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟರು. "ಕೊಟ್ರೆ ಮೊದಲು ಎಂತ ಮಾಡ್ತಾರೆ ಗೊತ್ತುಂಟಾ? ಬಿಸಿನೀರು ಹಾಕಿ ಒಳಗೆ ತೊಳೀತಾರೆ."

ಅವರು ಅದನ್ನು ತೊಳೆದಿರಲಿಲ್ಲ. ಹೊರಗಿನ ಹಿತ್ತಾಳೆಯನ್ನು ಹುಣಿಸೆಹುಳಿಯಿಂದ ಉಜ್ಜುತ್ತಿದ್ದರು. ಎಡ್ವಿನ್ ಕೊನೆಯ ಸಲ ಊದಿಟ್ಟ ಮೇಲೆ ಒಳಗೆ ನೀರು ಹಾಕಿರಲಿಲ್ಲ.

ನಾನು ಆ ಪ್ರಶ್ನೆಯನ್ನು ಹೊಡೆದುಹಾಕಿದೆ. ಬೇಕಾದರೆ ಸಂಖ್ಯೆಯನ್ನು ನೋಡಿ, ಅಧ್ಯಾಯವೇ ಇಲ್ಲದಂತೆ ಮಾಡಿದ್ದೇನೆ.

೪.

ಈಗ ಬಾಡಿಗೆದಾರಳೊಬ್ಬಳು ತನ್ನ ಬಿಡಾರವನ್ನು ಭದ್ರ ಮಾಡಿಕೊಳ್ಳಲು ನಡೆಸಿದ ಪ್ರಯತ್ನಗಳು. ಇದನ್ನು ಉಪಯುಕ್ತ ಮಾಹಿತಿ ಎಂದು ಯಾರೂ ಕತ್ತರಿಸಿ ಇಟ್ಟುಕೊಳ್ಳಬೇಡಿರಿ.

ಮೊದಲು ಮ್ಯಾಕ್ಸಿಮ್ ಪೊರ್ಬುಗಳ ಹತ್ತಿರವೇ ಹೋದರು. ಕುರಿಯು ತೋಳನ ಹತ್ತಿರ ಬೇಲಿಗೆ ಮುಳ್ಳು ಕೇಳಿದಂತೆ.

"ಮ್ಯಾಕ್ಸಿಮ್ ಬಾಬ್, ಬಾಗಿಲಿಗೆ ಒಂದು ಹೊಸ ಚಿಲಕ ಹೊಡೆಸ್ತೇನೆ. ಖರ್ಚು ನಂದು."

"ಯಾವ ಬಾಗಿಲಿಗೆ?"

"ನನ್ನ ಬಾಗಿಲಿಗೆ."

"ನಿಮ್ಮ ಬಾಗಿಲಾ?" ಪೊರ್ಬುಗಳು ಆರಾಮ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಅದು ನಮ್ಮ ಅಜ್ಜ ಮಾಡಿಸಿದ ಹಲಸಿನ ಹಲಗೆ. ಅದಕ್ಕೆ ಮೊಳೆ ಹೊಡೆದ್ರೆ ನನ್ನ ಎದೆಗೆ ಹೊಡೆದ ಹಾಗೆ. ನೀವು ಬಾಡಿಗೆ ಕೊಡುವುದು ಒಳಗಿನ ಜಾಗಕ್ಕೆ. ಬಾಗಿಲು ನಂದು."

"ಹಾಗಾದ್ರೆ ಬೀಗ ಬದಲಿಸ್ತೇನೆ."

"ಬೀಗ ಬದಲಿಸಿದ್ರೆ ನನ್ನ ಕೀ ಹಿಡೀಲಿಕ್ಕಿಲ್ಲ. ಬೆಂಕಿ ಬಿದ್ರೆ ಎಂತ ಮಾಡುವುದು?"

ಮಟಿಲ್ಡಾ ಬಾಯಿ ಮರಳಿ ಮೆಟ್ಟಿಲು ಹತ್ತಿದರು. ಈಸ್ಟರಿನ ಹಿಂದಿನ ಗರಿಗಳ ಹಬ್ಬದಲ್ಲಿ ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ತೆಂಗಿನ ಗರಿಯನ್ನು ಬಾಗಿಲ ಮೇಲೆ ಸಿಕ್ಕಿಸಿದರು. ಅದು ಸಿಡಿಲಿಗೆ ಆಗುತ್ತದೆ, ಮನೆಯೊಡೆಯರಿಗೆ ಆಗುವುದೆಂದು ಯಾವ ಪಾದ್ರಿಯೂ ಹೇಳಿಲ್ಲ.

ಇಲ್ಲಿ ನಾನು ಅವರಿಗೆ ಒಂದು ನಾಯಿ ಕೊಟ್ಟೆ. ಬಿಳಿ ಬಣ್ಣ, ಒಂದು ಕಿವಿ ಕಪ್ಪು. ಬರೆದು ಪುಟ ತುಂಬುವ ಮೊದಲೇ ಅವರು ಅದನ್ನು ಹಿಂದಕ್ಕೆ ಕಳುಹಿಸಿದರು. "ಮೀನಿನ ತಲೆ ಯಾರು ತರುವುದು, ನೀವಾ?" ನಾಯಿ ಈಗ ನನ್ನ ಹತ್ತಿರ ಉಂಟು. ಬೇರೆ ಕಥೆಗೆ ಬೇಕಾದವರು ಕೇಳಬಹುದು.

ಆಮೇಲೆ ಅವರು ತಮ್ಮದೇ ಉಪಾಯ ಮಾಡಿದರು. ಮಧ್ಯಾಹ್ನ ಮಲಗುವ ಮೊದಲು ಬಾಗಿಲ ಒಳಗಡೆ ಸ್ಟೂಲು, ಸ್ಟೂಲಿನ ಮೇಲೆ ಅಲ್ಯುಮಿನಿಯಂ ಬೋಗುಣಿ, ಅದರ ಮೇಲೆ ತಪಲೆ, ತಪಲೆಯಲ್ಲಿ ಚಮಚಗಳು. ಆ ಬಾಗಿಲಿನ ಸಡಿಲ ಒಳಚಿಲಕವನ್ನು ಹೊರಗಿನಿಂದ ಬೆರಳು ತೂರಿಸಿ ಯಾರು ಬೇಕಾದರೂ ತೆಗೆಯಬಹುದಿತ್ತು. ಯಾರಾದರೂ ತಳ್ಳಿದರೆ ಕುಲಶೇಖರವೇ ಎದ್ದು ಕುಳಿತುಕೊಳ್ಳಬೇಕು.

ಎದ್ದು ಕುಳಿತುಕೊಂಡಿತು. ತಳ್ಳಿದವಳು ದೇಯಿ. ಅವಳ ಕೈಯಲ್ಲಿ ಬಿಸಿ ಪತ್ರೊಡೆಯ ತಟ್ಟೆ ಇತ್ತು.

"ಜೆಜು, ಮರಿ, ಜುಜೆ!" ಎಂದು ಏಸು, ಮರಿಯ, ಜೋಸೆಫರನ್ನು ಒಟ್ಟಿಗೆ ಕರೆಯುತ್ತ ಇವರು ಮಂಚದಿಂದ ಹಾರಿದರು.

"ಅಯ್ಯಯ್ಯೋ ಬಾಯಮ್ಮಾ!" ಎಂದು ಅವಳು ಅಲ್ಲಿಯೇ ಕುಳಿತಳು. ಪತ್ರೊಡೆ ನೆಲದಲ್ಲಿ, ತಪಲೆ ಮೆಟ್ಟಿಲಿನಲ್ಲಿ, ಚಮಚಗಳು ಅಂಗಳದವರೆಗೆ.

ಸದ್ದೆಲ್ಲ ನಿಂತ ಮೇಲೆ ದೇಯಿ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ಇದು ನನ್ನಿಂದ ಕಾಪಾಡ್ಲಿಕ್ಕಾ, ಬಾಯಮ್ಮ?"

ಮಟಿಲ್ಡಾ ಬಾಯಿಗೆ ನಾಚಿಕೆಯಾಯಿತು. ಪತ್ರೊಡೆ ಹೆಕ್ಕುತ್ತಾ, ತಲೆ ಎತ್ತದೆ, ಅಂದರು. "ನಿನ್ನಿಂದ ಅಲ್ಲ ಮಾರಾಯ್ತಿ. ನಾನು ಮಲಗಿದಾಗಲೋ ಇಲ್ಲದಾಗಲೋ ಕೆಳಗಿನವರು ಬಂದು ಸಾಮಾನು ತೆಗೊಂಡು ಹೋಗ್ತಾರೆ ಅಂತ ಹೆದರಿಕೆ. ಅವರದ್ದು ಒಂದು ಪೆಟ್ಟಿಗೆ ಉಂಟು."

"ದೊಡ್ಡ ಪೊರ್ಬುಗಳದ್ದಾ?" ದೇಯಿ ಎಡ್ವಿನರನ್ನು ಹಾಗೆ ಕರೆಯುತ್ತಿದ್ದಳು. ಕೆಳಗಿನವರು ಬರೇ ಪೊರ್ಬು.

"ಹೌದು."

ಇದು ಸುಳ್ಳಲ್ಲ. ನಿಜವೂ ಪೂರ್ತಿ ಅಲ್ಲ. ದೇಯಿ ಮುಂದೆ ಏನೂ ಕೇಳಲಿಲ್ಲ. ಸತ್ತ ಗಂಡನ ವಸ್ತು ಎಂದ ಮೇಲೆ ಕೇಳುವುದೇನು? "ನೀವು ಸುಮ್ಮನಿರಿ, ನಾನು ನೋಡ್ಕೊಳ್ತೇನೆ," ಎಂದು ಚಮಚ ಹೆಕ್ಕಲು ಅಂಗಳಕ್ಕೆ ಇಳಿದಳು.

೫.

ಮುಂದಿನ ಭಾನುವಾರ ಮಟಿಲ್ಡಾ ಬಾಯಿ ಬೆಳಗಿನ ಪೂಜೆಗೆ ಹೋದರು. ಮರಳಿ ಬಂದು, ತಲೆಯ ಮೇಲಿನ ಕಪ್ಪು ಜಾಲರಿ ಮಡಚುತ್ತಾ ಮೆಟ್ಟಿಲು ಹತ್ತಿ ನೋಡಿದರೆ, ತಮ್ಮ ಬೀಗಕ್ಕೆ ಒಂದು ಗೊಂಚಲು ಮಾವಿನ ಸೊಪ್ಪು, ಅದರ ಸುತ್ತ ಎಳೆಯ ತೆಂಗಿನ ಗರಿ ಬಿಗಿದ ಗಂಟು.

ಹೊರಗಿನ ಓದುಗರಿಗಾಗಿ ಒಂದು ಮಾತು. ನಮ್ಮ ಕಡೆ ಹಲಸಿನ ಮರಕ್ಕೋ, ತಕರಾರಿನ ಗದ್ದೆಗೋ ದೈವದ ಹೆಸರಿನಲ್ಲಿ ಸೊಪ್ಪು ಕಟ್ಟಿದರೆ ಅದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಪೋಲೀಸು ಬೇಡ, ಕೋರ್ಟು ಬೇಡ. ಹಣ್ಣು ಮರದಲ್ಲಿಯೇ ಕೊಳೆತು ಬಿದ್ದರೂ ದಾರಿಹೋಕನು ಮೂಗು ಮುಚ್ಚಿಕೊಂಡು ಆಚೆಯಿಂದ ಹೋಗುತ್ತಾನೆ. ದೇಯಿ ಕಟ್ಟಿದ್ದು ಕಾವೂರಿನ ತನ್ನ ತವರುಮನೆಯ ದೈವದ ಹೆಸರಿನಲ್ಲಿ. ಆ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಕಥೆಯ ಲೆಕ್ಕದಲ್ಲಿ ನಾನೂ ಒಂದು ತೆಂಗಿನಕಾಯಿ ಒಪ್ಪಿಸಬೇಕಾದೀತು.

"ಹೇಗುಂಟು?" ದೇಯಿ ತನ್ನ ಬಾಗಿಲಿನಲ್ಲಿ ನಿಂತು ನಗುತ್ತಿದ್ದಳು. "ಮೊಳೆ ಇಲ್ಲ, ಚಿಲಕ ಇಲ್ಲ. ಅವರ ಅಜ್ಜನ ಹಲಗೆಗೆ ಒಂದು ಗೀರೂ ಇಲ್ಲ. ಇನ್ನು ಹತ್ತಿ ಬರ್ಲಿ ನೋಡುವಾ."

ಮಟಿಲ್ಡಾ ಬಾಯಿಗೆ ನಗುವೂ ಬಂತು, ಹೆದರಿಕೆಯೂ ಬಂತು. ಈಗಷ್ಟೇ ಪ್ರಸಾದ ಸ್ವೀಕರಿಸಿದ ಬಾಯಿ. "ಕಟ್ಟುವಾಗ ಎಂತ ಹೇಳಿದ್ದಿ?"

"ಹೇಳುವುದು ಎಂತ? ಸ್ವಾಮೀ, ಈ ಬಾಗಿಲು ನಿನ್ನ ವಶ. ಇದಕ್ಕೆ ಕೈ ಹಾಕಿದವರನ್ನು ನೀನೇ ನೋಡ್ಕೋ, ಅಂತ."

"ಯಾರು ಕೈ ಹಾಕಿದ್ರೂ?"

"ಯಾರು ಹಾಕಿದ್ರೂ!" ದೇಯಿ ಹೆಮ್ಮೆಯಿಂದ ಅಂದಳು.

"ನಾನು?"

ದೇಯಿಯ ನಗು ನಿಧಾನವಾಗಿ ಇಳಿಯಿತು. ಅವಳು ಬಾಗಿಲನ್ನು ನೋಡಿದಳು, ಬಾಯಮ್ಮನನ್ನು ನೋಡಿದಳು, ಕಾವೂರು ಇರುವ ದಿಕ್ಕನ್ನು ನೋಡಿದಳು.

"ಅಯ್ಯೋ ದೇವರೇ. ನಿಮ್ಮನ್ನು ಬಿಟ್ಟು ಅಂತ ಹೇಳ್ಲಿಕ್ಕೆ ಮರ್ತೇ ಹೋಯ್ತು."

೬.

ಈಗ ಜಾಣ ಓದುಗರೊಬ್ಬರು ಎದ್ದು ನಿಂತು ಕೇಳುತ್ತಾರೆ: ಮಟಿಲ್ಡಾ ಬಾಯಿ ಕ್ರಿಸ್ತಾಂವರು, ದೈವಕ್ಕೆ ನಡೆದುಕೊಳ್ಳುವವರಲ್ಲ. ಸೊಪ್ಪು ಕಿತ್ತೆಸೆದು ಒಳಗೆ ಹೋಗಬಾರದೆ?

ಕುಳಿತುಕೊಳ್ಳಿ ಸ್ವಾಮಿ. ಅವರೂ ಮೆಟ್ಟಿಲಿನಲ್ಲಿ ಕುಳಿತು ಅದನ್ನೇ ಯೋಚಿಸುತ್ತಿದ್ದಾರೆ.

ತೆಗೆದ ಮೇಲೆ ಏನೂ ಆಗದಿದ್ದರೆ? ದೇಯಿಯ ದೈವಕ್ಕೆ ಅವಮಾನ, ಅದೂ ಉಪಕಾರ ಮಾಡಿದವಳ ಕಣ್ಣೆದುರು. ತೆಗೆದು ಒಳಗೆ ಹೋಗಿ, ನಾಳೆ ಹೊಲಿಗೆಯ ಸೂಜಿ ಬೆರಳಿಗೆ ಚುಚ್ಚಿದರೆ? ದೇಯಿ ಬೆರಳು ನೋಡುತ್ತಾಳೆ, ಏನೂ ಹೇಳುವುದಿಲ್ಲ, ಹೇಳದಿರುವುದೇ ಸಾಕು. ಆಗ ತಮ್ಮ ದೇವರ ಮಾನ ಹೋಯಿತು. ಬಾಗಿಲಿನ ಒಂದು ಕಡೆ ನಿಂತರೆ ಇವಳ ನಂಬಿಕೆ, ಇನ್ನೊಂದು ಕಡೆ ನಿಂತರೆ ತಮ್ಮದು. ನಡುವೆ ಮ್ಯಾಕ್ಸಿಮ್ ಪೊರ್ಬುಗಳ ಅಜ್ಜನ ಹಲಸಿನ ಹಲಗೆ.

ಒಳಗೆ ಮಂಚದ ಕೆಳಗೆ ಕಪ್ಪು ಪೆಟ್ಟಿಗೆ. ಈಗ ಅದು ಎಷ್ಟು ಭದ್ರವಾಗಿದೆಯೆಂದರೆ, ಯಾರಿಗಾಗಿ ಭದ್ರ ಮಾಡಿದ್ದೋ ಅವರಿಗೂ ಸಿಗದು.

ಇಷ್ಟರಲ್ಲಿ ಕೆಳಗೆ ಕೆರದ ಸದ್ದು. ಮ್ಯಾಕ್ಸಿಮ್ ಪೊರ್ಬುಗಳು ಭಾನುವಾರದ ಕೋಟು ತೆಗೆಯದೆ ಹತ್ತಿ ಬರುತ್ತಿದ್ದರು, ಕೈಯಲ್ಲಿ ಕೀಲಿ. ಹಿಂದೆ ಯೂಸ್ಟೇಸ್ ಮಾಸ್ತರ್, ಕೈಯಲ್ಲಿ ಟೋಪಿ.

"ಮಟಿಲ್ಡಾ ಬಾಯಿ, ಇವತ್ತು ತೀರ್ಮಾನ ಆಗ್ಲೇ ಬೇಕು," ಎಂದು ಪೊರ್ಬುಗಳು ಮೆಟ್ಟಿಲಿನಿಂದಲೇ, ದೇಯಿಗೆ ತಿಳಿಯದ ಕೊಂಕಣಿಯಲ್ಲಿ, ಶುರುಮಾಡಿದರು. "ಹಬ್ಬಕ್ಕೆ ಒಂದು ವಾರ ಇಲ್ಲ. ಆ ಹುಡುಗ ಬರೀ ಬಾಯಲ್ಲಿ ಪೇಂ ಪೇಂ ಅಂತ ಪ್ರಾಕ್ಟೀಸ್ ಮಾಡ್ತಾ ಇದ್ದಾನೆ. ಬ್ಯಾಂಡಿನ ಸಾಮಾನು ಬ್ಯಾಂಡಿಗೆ..."

ಮಾತು ಅಲ್ಲಿಗೇ ನಿಂತಿತು. ಬೀಗ ಕಂಡಿತು.

"ಇದು ಯಾರು?" ಎಂದರು, ತುಳುವಿನಲ್ಲಿ. ಏನು ಎಂದು ಕೇಳಲಿಲ್ಲ, ಗಮನಿಸಿರಿ.

"ನಾನು," ಎಂದಳು ದೇಯಿ.

"ನನ್ನ ಬಾಗಿಲಿಗಾ?"

"ಬಾಗಿಲಿಗೆ ಅಲ್ಲ ಪೊರ್ಬುಳೇ, ಬೀಗಕ್ಕೆ."

"ಬೀಗವೂ ನಂದು!"

"ಹಾಗಾದ್ರೆ ತೆಗೀರಿ."

ಪೊರ್ಬುಗಳು ಕೀಲಿಯನ್ನು ಎಡಗೈಗೆ ಬದಲಾಯಿಸಿದರು. ಮತ್ತೆ ಬಲಗೈಗೆ. ಅವರು ಕುಟುಂಬ ಸಮೇತ ಪೂಜೆಗೆ ಹೋಗುವವರು, ಪಾದ್ರಿಯವರ ಬಲಗಡೆ ಕೂರುವವರು. ಕಡೆಗೆ ಯೂಸ್ಟೇಸ್ ಮಾಸ್ತರ ಕಡೆ ತಿರುಗಿ ಮತ್ತೆ ಕೊಂಕಣಿಗೆ ಹೋದರು. "ಮಾಸ್ತರ್, ಸಾಮಾನು ಬ್ಯಾಂಡಿನದ್ದು. ನೀವು ಮಾಸ್ತರ್. ತೆಗೀರಿ."

"ನೀವು ಅಧ್ಯಕ್ಷರು," ಎಂದರು ಮಾಸ್ತರ್, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಎರಡೂ ಕೈ ತುಂಬಿದವನನ್ನು ಯಾರೂ ಬಾಗಿಲು ತೆಗೆ ಎನ್ನಲಾರರು.

"ನಂಬಿಕೆ ಉಂಟಾ ನಿಮ್ಗೆ ಇದ್ರಲ್ಲಿ?"

"ಇಲ್ಲಪ್ಪ. ನಿಮ್ಗೆ?"

"ಛೆ! ನನ್ಗಾ?" ಎಂದು ಪೊರ್ಬುಗಳು ಒಂದು ಮೆಟ್ಟಿಲು ಕೆಳಗಿಳಿದರು.

೭.

ಇಲ್ಲಿಗೆ ಕಥೆ ಸಿಕ್ಕಿಬಿದ್ದಿತು. ನಾಲ್ವರು ಮೆಟ್ಟಿಲಿನಲ್ಲಿ, ಒಂದು ಬಾಗಿಲು, ಮುಟ್ಟುವವರಿಲ್ಲ. ನಾನು ಕೆಲವು ಮುಕ್ತಾಯಗಳನ್ನು ಬರೆದು ಮಟಿಲ್ಡಾ ಬಾಯಿಗೆ ತೋರಿಸಿದೆ.

(ಕ) ಕಡಲ ಕಡೆಯಿಂದ ಜೋರಾಗಿ ಗಾಳಿ ಬೀಸಿ ಗಂಟು ತಾನಾಗಿ ಬಿಚ್ಚಿಹೋಗುತ್ತದೆ. "ದೇಯಿ ಕಟ್ಟಿದ ಗಂಟು ಗಾಳಿಗೆ ಬಿಚ್ಚುತ್ತದಾ? ಅವಳು ಹೂ ಮಾರಿದವಳು."

(ಖ) ಪಾದ್ರಿಯವರನ್ನು ಕರೆತಂದು ಮಂತ್ರಜಲ ಚಿಮುಕಿಸಿ ತೆಗೆಸುವುದು. "ಅವರು ನನ್ಗೆ ಬೈತಾರೆ, ಆಯ್ತು. ಅವಳಿಗೂ ಬೈತಾರೆ. ಅವಳು ಎಂತ ಮಾಡಿದ್ದಾಳೆ ಪಾಪ?"

(ಗ) ಕಾರ್ನೆಟ್‌ನಲ್ಲಿ ತುಟಿ ಇಡುವ ಸಣ್ಣ ತುಂಡು ಬೇರೆಯಾಗಿ ಬಿಚ್ಚಿ ಬರುತ್ತದೆ. ಅದನ್ನು ಮಟಿಲ್ಡಾ ಬಾಯಿ ಇಟ್ಟುಕೊಂಡು, ಉಳಿದದ್ದನ್ನು ಬ್ಯಾಂಡಿಗೆ ಕೊಡುವುದು. ಹೊಸ ಹುಡುಗನಿಗೆ ಬೇರೆ ತುಂಡು ತರಿಸಬಹುದು. ಇದು ನನಗೆ ಬಹಳ ಹಿಡಿಸಿತ್ತು. ಎಲ್ಲರಿಗೂ ಸಮಾಧಾನ, ಕಣ್ಣಲ್ಲಿ ಒಂದು ಹನಿ ನೀರು ಕೂಡ.

ಮಟಿಲ್ಡಾ ಬಾಯಿ ಹಾಳೆಯನ್ನು ನನ್ನ ಕಡೆಗೆ ತಳ್ಳಿದರು.

"ಅರ್ಧ ಗಂಡನನ್ನು ಕೊಡುವುದಾ?"

ನಾನು ಹಾಳೆ ಮಡಚಿದೆ.

(ಘ) ಲೇಖಕನೇ ತೆಗೆಯುವುದು. ನಾನು ಮೆಟ್ಟಿಲು ಹತ್ತಿ ಹೋದೆ. ಈ ಸೊಪ್ಪನ್ನು ಬರೆದವನೇ ನಾನು. ಮಾವಿನ ಸೊಪ್ಪು ಎಂಬುದನ್ನು ಹಲಸಿನದೆಂದು ತಿದ್ದಬಲ್ಲೆ, ಬೇಡವೆಂದರೆ ಸಾಲನ್ನೇ ಹೊಡೆದುಹಾಕಬಲ್ಲೆ. ಕೈ ಚಾಚಿದೆ. ಗರಿಯ ತುದಿ ಸ್ವಲ್ಪ ಅಲುಗಾಡಿದಂತಾಯಿತು. ಹಿಂದೆ ನಾಲ್ವರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಯಾಕೆ ಬೇಕು ಮಾರಾಯ್ರೆ? ನನಗೂ ವಯಸ್ಸಾಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಚಾಚಿದ್ದೇ ತಲೆ ಕೆರೆದುಕೊಳ್ಳಲಿಕ್ಕೆ ಎಂಬಂತೆ ತಲೆ ಕೆರೆದುಕೊಂಡೆ.

ಮ್ಯಾಕ್ಸಿಮ್ ಪೊರ್ಬುಗಳು ಮೊದಲ ಬಾರಿಗೆ ನನ್ನ ಕಡೆ ಪ್ರೀತಿಯಿಂದ ನೋಡಿದರು.

೮.

ದಾರಿ ತೋರಿಸಿದವಳು ದೇಯಿ. ತಪ್ಪು ಮಾಡಿದವಳೂ ಅವಳೇ ಆದ್ದರಿಂದ ಅದು ನ್ಯಾಯ.

"ಒಂದು ಉಂಟು," ಎಂದಳು. "ನಾನೇ ಕಟ್ಟಿದ್ದು. ನಾನೇ ಇನ್ನೊಮ್ಮೆ ನಿಂತು, ಮರ್ತದ್ದನ್ನು ಸೇರಿಸಿ ಹೇಳಿದ್ರೆ ಆಯ್ತು. ಬಾಯಮ್ಮನನ್ನು ಬಿಡು ಸ್ವಾಮೀ, ಅಂತ."

ಎಲ್ಲರ ಮುಖದಲ್ಲಿಯೂ ಗೆಲುವು. ಇಷ್ಟು ಸುಲಭವಾಗಿದ್ದರೆ ನಾನು ಮುಕ್ತಾಯಗಳನ್ನು ಬರೆದು ಬೈಗುಳ ತಿಂದದ್ದು ಯಾತಕ್ಕೆ?

ದೇಯಿ ಕೈಕಾಲು ತೊಳೆದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿನೆದುರು ಕೈಮುಗಿದು ನಿಂತಳು. ಮಟಿಲ್ಡಾ ಬಾಯಿ ಅವಳ ಪಕ್ಕದಲ್ಲಿ. ದೇಯಿ ಬಾಯಿ ತೆರೆದವಳು ಮುಚ್ಚಿ, ಪಕ್ಕಕ್ಕೆ ತಿರುಗಿ, ಮಾಮೂಲು ಸ್ವರದಲ್ಲಿ ಕೇಳಿದಳು:

"ಒಳಗಿರುವುದು ನಿಮ್ಮದೇ ಅಲ್ವಾ, ಬಾಯಮ್ಮ? ಕೇಳ್ಬೇಕಾಗ್ತದೆ. ಇನ್ನೊಬ್ಬರ ವಸ್ತು ಕಾಯು ಅಂತ ದೈವದ ಹತ್ರ ಹೇಳ್ಬಾರ್ದು. ಹೇಳಿದವರ ಮೇಲೇ ಬರ್ತದೆ."

ಯಾರ ಮೇಲೆ? ಮಟಿಲ್ಡಾ ಬಾಯಿ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಹೇಳುವವಳು ದೇಯಿ.

ಹೌದು ಎಂದರೆ ಸಾಕಿತ್ತು. ಒಂದು ಶಬ್ದ. ಹಿಂದೆ ಬ್ಯಾಂಡ್ ಮಾಸ್ತರ್ ನಿಂತಿದ್ದಾರೆ, ಆದರೆ ಅವರು ಮಾತಾಡುವವರಲ್ಲ, ಈ ಹೆಂಗಸರ ಮಧ್ಯೆ ಬಾಯಿ ಹಾಕುವವರಲ್ಲ. ಪೊರ್ಬುಗಳು ಆ ಸೊ‍ಪ್ಪಿನೆದುರು ಜೋರಾಗಿ ಉಸಿರಾಡಲೂ ಸಿದ್ಧರಿರಲಿಲ್ಲ. ಹೌದು ಎಂದರೆ ಬಾಗಿಲು ತೆರೆಯುತ್ತದೆ, ಕಾರ್ನೆಟ್ ಉಳಿಯುತ್ತದೆ, ಊರಿನಲ್ಲಿ ಇನ್ನು ಯಾರೂ ಆ ಮೆಟ್ಟಿಲು ಹತ್ತುವುದಿಲ್ಲ. ಅದು ಸುಳ್ಳಾದರೂ, ಇವರ ಲೆಕ್ಕದಲ್ಲಿ ಇಲ್ಲದ ದೈವದ ಮುಂದೆ ಹೇಳಿದ ಸುಳ್ಳು. ಪಾಪನಿವೇದನೆಯಲ್ಲಿ ಹೇಳಿಕೊಂಡರೆ ಪಾದ್ರಿಯವರು ನಗಲೂಬಹುದು.

ಆದರೆ ದೇಯಿ ಅದನ್ನು ತನ್ನ ಬಾಯಿಯಿಂದ ಹೇಳುತ್ತಾಳೆ. ಹೇಳಿದ ಮೇಲೆ ತನ್ನ ಮನೆಗೆ ಹೋಗಿ ಅನ್ನ ಬೇಯಿಸುತ್ತಾಳೆ. ನಾಳೆ ಬೋಜನಿಗೆ ಜ್ವರ ಬಂದರೆ?

ನಾನು ಮಟಿಲ್ಡಾ ಬಾಯಿಯ ಬಾಯಿಗೆ ಒಂದು ಚೆಂದದ ಮಾತು ಇಡಬೇಕೆಂದು ಪೆನ್ನು ಎತ್ತಿದೆ.

"ನೀವು ಸುಮ್ಮನಿರಿ," ಎಂದರು ಅವರು, ನನ್ನ ಕಡೆ ನೋಡದೆ. ಆಮೇಲೆ ದೇಯಿಗೆ ಹೇಳಿದರು. "ನಂದಲ್ಲ."

"ದೊಡ್ಡ ಪೊರ್ಬುಗಳದ್ದು, ಅಂದ್ರೆ ನಿಮ್ಮದೇ ಅಲ್ವಾ?"

"ಅವರದ್ದೂ ಅಲ್ಲ. ಬ್ಯಾಂಡಿನದ್ದು. ಅವರು ಊದಿದ್ದು ಮಾತ್ರ."

ದೇಯಿಯ ಮುಗಿದ ಕೈಗಳು ಕೆಳಗಿಳಿದವು. "ಮೊದಲೇ ಹೇಳ್ಬಾರ್ದಿತ್ತಾ ಬಾಯಮ್ಮ?" ಎಂದಳು. ಸಿಟ್ಟು ಇತ್ತು. "ನಾನು ಕಾವೂರಿನಿಂದ ದೈವವನ್ನು ಬರಹೇಳಿದ್ದೇನೆ, ಗೊತ್ತುಂಟಾ? ಒಂದು ತುತ್ತೂರಿ ಕಾಯ್ಲಿಕ್ಕೆ. ಅದೂ ಪರರದ್ದು."

"ತಪ್ಪಾಯ್ತು."

"ನನ್ಗೆ ಹೇಳಿ ಎಂತ ಪ್ರಯೋಜನ?" ಎಂದು ದೇಯಿ ಬಾಗಿಲಿನ ಕಡೆ ಗಲ್ಲ ಎತ್ತಿದಳು.

ಮಟಿಲ್ಡಾ ಬಾಯಿ, ಜಾಲರಿ ಇನ್ನೂ ಕೈಯಲ್ಲಿದ್ದಂತೆ, ಆ ಮಾವಿನ ಸೊಪ್ಪಿನ ಎದುರು ಒಂದು ಕ್ಷಣ ತಲೆ ತಗ್ಗಿಸಿದರು. ಅದು ಪಾಪವೋ, ನೆರೆಯವಳ ಮನೆಯ ಹಿರಿಯರಿಗೆ ತೋರಿಸಿದ ಮರ್ಯಾದೆಯೋ, ತೀರ್ಮಾನಿಸುವುದು ನನ್ನ ಕೆಲಸವಲ್ಲ.

ಯೂಸ್ಟೇಸ್ ಮಾಸ್ತರ್ ಗಂಟಲು ಸರಿಮಾಡಿಕೊಂಡರು. "ಬಾಯಿ, ತೊಳೀಬೇಕು ಅಂತ ಏನಿಲ್ಲ. ಆ ಹುಡುಗನಿಗೆ ನಾನು ಹೇಳ್ತೇನೆ."

ಅದು ಅವರಿಗೆ ಹೇಗೆ ತಿಳಿಯಿತು? ನಾನಂತೂ ಹೇಳಿಲ್ಲ. ಅವರ ಮನೆಯಲ್ಲಿಯೂ ಯಾರೋ ಯಾರದೋ ಏನನ್ನೋ ತೊಳೆಯದೆ ಇಟ್ಟಿರಬೇಕು.

ದೇಯಿ ಮತ್ತೆ ಕೈಮುಗಿದು ನಿಂತಳು. ಈ ಸಲ ಪ್ರತಿ ಶಬ್ದವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ಹೇಳಿದಳು. "ಸ್ವಾಮೀ, ತಿಳಿಯದೆ ಕರೆದೆ. ಒಳಗಿರುವುದು ಪರರದ್ದು. ಕೊಡುವುದೋ ಹೇಗೋ, ಅದು ಬಾಯಮ್ಮನಿಗೆ ಬಿಟ್ಟದ್ದು. ಬಾಯಮ್ಮ ಒಬ್ಬರು ಹೋಗಿ ಬರ್ಲಿ. ಅವರು ಹೊರಗೆ ಬರುವವರೆಗೆ ಬೇರೆ ಯಾರಿಗೂ ದಾರಿ ಇಲ್ಲ."

ಬೇರೆ ಯಾರಿಗೂ. ಇದನ್ನು ಅವಳು ಮರೆತು ಹೇಳಿದ್ದಲ್ಲ.

ಮಟಿಲ್ಡಾ ಬಾಯಿ ಸೊಪ್ಪನ್ನು ಬಿಚ್ಚಲಿಲ್ಲ. ಬೆರಳಿನಿಂದ ಸ್ವಲ್ಪ ಸರಿಸಿ ಕೀಲಿ ತಿರುಗಿಸಿದರು. ಬೀಗ ಕೆಮ್ಮಿತು. ಅವರು ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು.

೯.

ನಾನು ಹೊರಗೇ ಉಳಿದೆ.

ಈವರೆಗೆ ಅವರ ಮನಸ್ಸಿನೊಳಗೆ, ಮಂಚದ ಕೆಳಗೆ, ಎಲ್ಲೆಂದರಲ್ಲಿ ತಿರುಗಾಡಿದವನು ನಾನು. ಈಗ ದಾರಿ ಇಲ್ಲ. ದೇಯಿ ಹೇಳಿದ ಮಾತಿನಲ್ಲಿ ಲೇಖಕನಿಗೆ ವಿನಾಯಿತಿ ಕೊಟ್ಟಿಲ್ಲ, ಕೇಳುವ ಧೈರ್ಯ ನನಗಿಲ್ಲ. ಒಳಗೆ ಪೆಟ್ಟಿಗೆ ಎಳೆದ ಸದ್ದು ಕೇಳಿಸಿತೆಂದು ಬರೆಯಬಹುದು. ಕೇಳಿಸಿದ್ದು ಮಂಚ ಎಳೆದದ್ದೂ ಇರಬಹುದು. ಹಿಂದಿನ ಕೋಣೆಯಲ್ಲಿ ಬಾಗಿಲು ಬಡಿದದ್ದೂ ಇರಬಹುದು.

ಅವರು ಪೆಟ್ಟಿಗೆ ಹಿಡಿದುಕೊಂಡು ಬರುತ್ತಾರೋ, ಬರಿಗೈಯಲ್ಲಿ ಬರುತ್ತಾರೋ, ಊಹಿಸುವ ಕೆಲಸವನ್ನು ನಿಮಗೆ ಬಿಟ್ಟಿದ್ದೇನೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಈಚಿನ ಪದ್ಧತಿ. ನಾನು ಹಾಗೆ ಹೇಳುವುದಿಲ್ಲ. ಊಹಿಸಬೇಡಿರಿ. ಊಹೆಯೂ ಒಂದು ಕೈ. ಅದನ್ನು ಆ ಬೀಗಕ್ಕೆ ಹಾಕಿ ಆಮೇಲೆ ನನ್ನ ಮೇಲೆ ದೂರು ತರಬೇಡಿ. ತೀರಿಹೋದವರ ವಸ್ತುವಿನ ಹತ್ತಿರ ಒಬ್ಬರು ಎಷ್ಟು ಹೊತ್ತು ಕುಳಿತಿರಬೇಕೆಂದು ಮೆಟ್ಟಿಲಿನಲ್ಲಿ ನಿಂತವರು ಹೇಳಬಾರದು. ಇಷ್ಟು ಮಾತ್ರ ನನಗೆ ಗೊತ್ತುಂಟು.

ಯೂಸ್ಟೇಸ್ ಮಾಸ್ತರ್ ಟೋಪಿಯನ್ನು ಮೊಣಕಾಲಿನ ಮೇಲಿಟ್ಟು ಕುಳಿತರು. ನಾನು ಅವರ ಪಕ್ಕದಲ್ಲಿ. ಬಿಸಿಲು ಮೇಲಿನ ಮೆಟ್ಟಿಲಿಗೆ ಬಂತು.

"ಎಷ್ಟು ಹೊತ್ತು ಇದು?" ಎಂದರು ಮ್ಯಾಕ್ಸಿಮ್ ಪೊರ್ಬುಗಳು, ಕೋಟಿನೊಳಗೆ ಬೆವರುತ್ತಾ. "ನನ್ನದೇ ಮನೆಯಲ್ಲಿ ನಾನು ಹೀಗೆ ನಿಂತುಕೊಳ್ಳುವುದಾ?"

"ನಿಲ್ಲುವುದು ಎಂತಕ್ಕೆ?" ಎಂದಳು ದೇಯಿ. "ಕೂತ್ಕೊಳ್ಳಿ ಪೊರ್ಬುಳೇ. ಮೆಟ್ಟಿಲಿಗೆ ನಾನು ಎಂತದೂ ಕಟ್ಟಲಿಲ್ಲ."